ನಕ್ಷೆ ಬಂದು ಹದಿನಾಲ್ಕು ವರ್ಷ, ನೆಲ ಇನ್ನೂ ಬಂದಿಲ್ಲ: ಸಿಯೋಲ್‌ನ ಯೊಂಗ್ಸಾನ್ ಪಾರ್ಕ್ ಯಾಕೆ ನಿಂತಿದೆ?

ಸಿಯೋಲ್ ನಗರದ ನಟ್ಟನಡುವೆ, ನಾಮ್ಸಾನ್ ಬೆಟ್ಟಕ್ಕೂ ಹಾನ್ ನದಿಗೂ ಮಧ್ಯದಲ್ಲಿ, ಅಮೆರಿಕನ್ ಸೇನೆ ನೆಲೆ ಮಾಡಿಕೊಂಡ ಯೊಂಗ್ಸಾನ್‌ನ ಸುಮಾರು 243 ಹೆಕ್ಟೇರ್ ಜಾಗ ಗೋಡೆಯ ಹಿಂದಿದೆ. ಎಕರೆಯಲ್ಲಿ ಹೇಳಿದರೆ 600. ತೊಂಬತ್ತು ಲಕ್ಷಕ್ಕೂ ಹೆಚ್ಚು ಜನ ಬದುಕುವ ನಗರದಲ್ಲಿ ಇಷ್ಟು ದೊಡ್ಡ ಜಾಗ ಸಾರ್ವಜನಿಕರಿಗೆ ಸಿಗುವ ಅವಕಾಶ ಮತ್ತೆ ಬರುವುದಿಲ್ಲ. ಇಲ್ಲಿ ದೇಶದ ಮೊದಲ ರಾಷ್ಟ್ರೀಯ ನಗರೋದ್ಯಾನ ಮಾಡುತ್ತೇವೆ ಎಂದು ದಕ್ಷಿಣ ಕೊರಿಯಾ ಸರ್ಕಾರ ಸಮಾರಂಭ ಮಾಡಿ ಸಾರಿದ್ದು 2006ರ ಆಗಸ್ಟ್‌ನಲ್ಲಿ. ಮರುವರ್ಷ ಅದಕ್ಕೆಂದೇ ಒಂದು ವಿಶೇಷ ಕಾಯ್ದೆ ಬಂತು. 2012ರಲ್ಲಿ ಅಂತರರಾಷ್ಟ್ರೀಯ ವಿನ್ಯಾಸ ಸ್ಪರ್ಧೆ ನಡೆದು, ನೆದರ್ಲೆಂಡ್ಸ್‌ನ ವೆಸ್ಟ್ 8 ಸಂಸ್ಥೆ ಮತ್ತು ಕೊರಿಯಾದ ವಾಸ್ತುಶಿಲ್ಪಿ ಸುಂಗ್ ಹ್ಯೊ-ಸಾಂಗ್ ಅವರ ಸಂಸ್ಥೆ ಜೊತೆಗೂಡಿ ಬರೆದ ನಕ್ಷೆ ಗೆದ್ದಿತು. ಆ ನಕ್ಷೆಯಲ್ಲಿ ಬೆಟ್ಟದಿಂದ ನದಿಯವರೆಗೆ ಹಸಿರು ಹರಿದುಬರುತ್ತದೆ.

ನೆಲದ ಮೇಲೆ ಅದರ ಬಹುಪಾಲು ಇಂದಿಗೂ ಇಲ್ಲ.

ಸರ್ಕಾರಿ ಯೋಜನೆ ನಿಂತಿತು ಎಂದರೆ ನಾವು ಮೊದಲು ನೆನೆಯುವುದು ಹಣದ ಕೊರತೆ, ಗುತ್ತಿಗೆಯ ಗೊಂದಲ, ಕಡತ ಕದಲದ ಕಚೇರಿ. ಯೊಂಗ್ಸಾನ್ ವಿಷಯದಲ್ಲಿ ಇವು ಯಾವುವೂ ಮುಖ್ಯ ಕಾರಣವಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ, ನೆಲ ಕೈಗೆ ಬರುವ ಮೊದಲೇ ಅದರ ಮೇಲೆ ಏನಿರಬೇಕೆಂದು ತೀರ್ಮಾನವಾಯಿತು. ನೆಲವನ್ನು ಅಮೆರಿಕನ್ನರು ಯಾವಾಗ ಬಿಡುತ್ತಾರೆ, ಅದರೊಳಗಿನ ವಿಷವನ್ನು ಯಾರು ತೆಗೆಯುತ್ತಾರೆ, ಅಲ್ಲಿರುವ ಹಳೆಯ ಗೋಡೆಗಳಲ್ಲಿ ಯಾವುದು ಉಳಿಯುತ್ತದೆ ಎಂಬ ಪ್ರಶ್ನೆಗಳನ್ನು ಮುಂದಕ್ಕೆ ತಳ್ಳಲಾಯಿತು. ಯೋಜನೆ ತಡೆದು ನಿಂತಿರುವುದು ಈ ಪ್ರಶ್ನೆಗಳ ಮುಂದೆ.

ಗೋಡೆಯ ಹಿಂದಿನ ನೂರು ವರ್ಷ

ಯೊಂಗ್ಸಾನ್ ಎಂದರೆ ಡ್ರ್ಯಾಗನ್ ಬೆಟ್ಟ. ನದಿಗೆ ಹತ್ತಿರ, ರಾಜಧಾನಿಯ ಹಳೆಯ ಕೋಟೆಬಾಗಿಲಿಗೂ ಹತ್ತಿರ. ಹೊರಗಿನಿಂದ ಬಂದ ಸೇನೆಗಳಿಗೆ ಬೀಡು ಬಿಡಲು ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. 1882ರಲ್ಲಿ ಸಿಯೋಲ್‌ನ ಸೈನಿಕರು ದಂಗೆ ಎದ್ದಾಗ ಅದನ್ನು ಅಡಗಿಸಲು ಬಂದ ಚೀನಾದ ಚಿಂಗ್ ಸೇನೆ ಈ ಸುತ್ತಿನಲ್ಲೇ ತಂಗಿತ್ತು. ರಾಜ ಗೊಜೊಂಗ್‌ನ ತಂದೆಯನ್ನೇ ಅದು ಹಿಡಿದು ಚೀನಾಕ್ಕೆ ಸಾಗಿಸಿತು.

1904ರಲ್ಲಿ ರಷ್ಯಾ ಮತ್ತು ಜಪಾನ್ ನಡುವೆ ಯುದ್ಧ ಶುರುವಾಯಿತು. ಕೊರಿಯಾದ ಮೇಲೆ ಒತ್ತಡ ಹೇರಿ ಮಾಡಿಸಿಕೊಂಡ ಒಪ್ಪಂದದ ಬಲದಿಂದ, ಸೇನೆಗೆ ಬೇಕಾದ ಜಾಗವನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಜಪಾನ್ ಪಡೆಯಿತು. ಯೊಂಗ್ಸಾನ್‌ನಲ್ಲಿ ದುನ್‌ಜಿಮಿ ಎಂಬ ಹಳ್ಳಿ ಇತ್ತು. ಮನೆ, ಹೊಲ, ಹಿರಿಯರ ಗೋರಿಗಳನ್ನು ಬಿಟ್ಟು ಜನ ಎದ್ದುಹೋಗಬೇಕಾಯಿತು. ಅಲ್ಲಿ ಇಟ್ಟಿಗೆಯ ಬ್ಯಾರಕ್‌ಗಳು, ಆಸ್ಪತ್ರೆ, ಸೇನಾ ಜೈಲು ಎದ್ದವು. ಕೊರಿಯಾವನ್ನು ಆಳಿದ ಜಪಾನಿ ಸೇನೆಯ ಮುಖ್ಯ ಠಾಣೆ ಇದಾಯಿತು.

1945ರ ಸೆಪ್ಟೆಂಬರ್‌ನಲ್ಲಿ ಜಪಾನಿಯರು ಶರಣಾದ ಮೇಲೆ ಅದೇ ಬ್ಯಾರಕ್‌ಗಳಿಗೆ ಅಮೆರಿಕನ್ ಸೈನಿಕರು ಬಂದರು. 1949ರಲ್ಲಿ ಹೆಚ್ಚಿನವರು ಹೋದರು, ಕೊರಿಯನ್ ಯುದ್ಧದೊಂದಿಗೆ ಮರಳಿದರು. 1957ರಲ್ಲಿ ವಿಶ್ವಸಂಸ್ಥೆಯ ಸೇನಾ ಕಮಾಂಡ್ ಟೋಕಿಯೊದಿಂದ ಇಲ್ಲಿಗೆ ಬಂತು, 1978ರಲ್ಲಿ ಕೊರಿಯಾ–ಅಮೆರಿಕ ಜಂಟಿ ಕಮಾಂಡ್ ಇಲ್ಲೇ ಹುಟ್ಟಿತು. ಗೋಡೆಯ ಒಳಗೆ ಶಾಲೆ, ಚರ್ಚು, ಆಸ್ಪತ್ರೆ, ಹುಲ್ಲುಹಾಸಿನ ಮನೆಗಳಿದ್ದ ಒಂದು ಅಮೆರಿಕನ್ ಊರೇ ಬೆಳೆಯಿತು. ಹೊರಗೆ ಸಿಯೋಲ್ ಅದರ ಸುತ್ತ ಬಳಸಿಕೊಂಡು ಬೆಳೆಯಿತು.

ಈ ಕಾರಣಕ್ಕೇ ಕೊರಿಯನ್ನರ ಪಾಲಿಗೆ ಇದು ಮರ ನೆಡಲು ಸಿಕ್ಕ ಖಾಲಿ ಸೈಟ್ ಅಲ್ಲ. ಮೂರು ತಲೆಮಾರು ಹೊರಗೆ ನಿಂತು ನೋಡಿದ ಸ್ವಂತ ನೆಲ. 2006ರ ಘೋಷಣೆಗೆ ಅಷ್ಟು ಸಂಭ್ರಮ ಇದ್ದದ್ದೂ, ನಂತರದ ತಡಕ್ಕೆ ಇಷ್ಟು ಬೇಸರ ಇರುವುದೂ ಅದಕ್ಕೇ.

ತುಂಡು ತುಂಡಾಗಿ ಬರುವ ನೆಲ

ನೆಲೆಯನ್ನು ಬೇರೆಡೆಗೆ ಸಾಗಿಸುವ ಮಾತು ಹೊಸದಲ್ಲ. 1990ರಲ್ಲೇ ಎರಡೂ ಸರ್ಕಾರಗಳು ತಾತ್ವಿಕವಾಗಿ ಒಪ್ಪಿದ್ದವು. ಖರ್ಚು ನೋಡಿ ಕೊರಿಯಾ ಹಿಂಜರಿಯಿತು, ಮಾತು ನಿಂತಿತು. ಆ ಸುತ್ತಿನಲ್ಲಿ ಬಿಡುಗಡೆಯಾದದ್ದು ಗಾಲ್ಫ್ ಮೈದಾನ ಮಾತ್ರ. ಅದರ ಒಂದು ಭಾಗ 1992ರಲ್ಲಿ ಯೊಂಗ್ಸಾನ್ ಫ್ಯಾಮಿಲಿ ಪಾರ್ಕ್ ಆಯಿತು. ಪಕ್ಕದಲ್ಲೇ 2005ರಲ್ಲಿ ಕೊರಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆಯಿತು. ಈಗ ಅಲ್ಲಿ ನೆರಳಿದೆ, ಕೊಳವಿದೆ, ಮಕ್ಕಳಿದ್ದಾರೆ. ನೆಲ ಪೂರ್ತಿ ಕೈಗೆ ಬಂದ ಕಡೆ ಕೆಲಸ ಆಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

2003ರಲ್ಲಿ ಕೊರಿಯಾದ ಅಧ್ಯಕ್ಷ ರೋ ಮೂ-ಹ್ಯುನ್ ಮತ್ತು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಮತ್ತೆ ಒಪ್ಪಿದರು, 2004ರಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಸ್ಥಳಾಂತರವನ್ನು ಕೇಳಿದ್ದು ಕೊರಿಯಾ, ಆದ್ದರಿಂದ ಖರ್ಚೂ ಕೊರಿಯಾದ್ದೇ. ಸಿಯೋಲ್‌ನ ದಕ್ಷಿಣಕ್ಕಿರುವ ಪ್ಯೊಂಗ್‌ಟೇಕ್‌ನಲ್ಲಿ ಕ್ಯಾಂಪ್ ಹಂಫ್ರೀಸ್ ನೆಲೆಯನ್ನು ಹಿಗ್ಗಿಸಿ ಕಟ್ಟಿ, 2008ರೊಳಗೆ ಯೊಂಗ್ಸಾನ್ ಖಾಲಿ ಮಾಡುವುದು ಲೆಕ್ಕ. ಅಮೆರಿಕನ್ ಪಡೆಗಳ ಪ್ರಧಾನ ಕಚೇರಿ ನಿಜಕ್ಕೂ ಹೊರಟದ್ದು 2018ರ ಜೂನ್‌ನಲ್ಲಿ. ಜಂಟಿ ಕಮಾಂಡ್ 2022ರವರೆಗೂ ಅಲ್ಲೇ ಇತ್ತು.

ಖರ್ಚು ತುಂಬಿಸುವ ದಾರಿಯೇ ಇನ್ನೊಂದು ಜಗಳ ತಂದಿತು. ನೆಲೆಯ ಮುಖ್ಯ ಭಾಗದ ಸುತ್ತ ಬಿಡಿಬಿಡಿಯಾಗಿ ಮೂರು ಸಣ್ಣ ಜಾಗಗಳಿದ್ದವು. ಅವನ್ನು ಕಟ್ಟಡಗಳಿಗೆ ಬಿಟ್ಟು, ಬಂದ ಹಣವನ್ನು ಸ್ಥಳಾಂತರಕ್ಕೆ ಬಳಸುವುದು ಕೇಂದ್ರದ ಯೋಚನೆ. ಜೊತೆಗೆ, ಮುಖ್ಯ ಭಾಗದಲ್ಲೂ ಭೂಬಳಕೆ ಬದಲಿಸುವ ಅಧಿಕಾರವನ್ನು ಸಚಿವಾಲಯ ತನ್ನ ಕೈಯಲ್ಲಿ ಇಟ್ಟುಕೊಳ್ಳಲು ನೋಡಿತು. ಸಿಯೋಲ್ ನಗರಾಡಳಿತ ಇದಕ್ಕೆ ಒಪ್ಪಲಿಲ್ಲ. 2006ರ ಘೋಷಣಾ ಸಮಾರಂಭಕ್ಕೆ ಮೇಯರ್ ಓ ಸೆ-ಹೂನ್ ಹೋಗಲೇ ಇಲ್ಲ. ಕೊನೆಗೆ 2007ರ ಕಾಯ್ದೆಯಲ್ಲಿ ಮುಖ್ಯ ಭಾಗವನ್ನು ಪಾರ್ಕಿಗಲ್ಲದೆ ಬೇರೆ ಕೆಲಸಕ್ಕೆ ಬಳಸಬಾರದು ಎಂಬ ನಿಯಮ ಸೇರಿತು. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಆ ಒಂದು ನಿಯಮ. ಮನೆ ಬಾಡಿಗೆ, ಮನೆ ಬೆಲೆ ಸಿಯೋಲ್‌ನಲ್ಲಿ ಚುನಾವಣೆಗಳನ್ನೇ ತಿರುಗಿಸುವ ವಿಷಯ. 2020ರಲ್ಲಿ, ಬಿಡಿ ಜಾಗಗಳಲ್ಲಿ ಒಂದಾದ ಕ್ಯಾಂಪ್ ಕಿಮ್‌ನಲ್ಲಿ 3,100 ಮನೆ ಕಟ್ಟುತ್ತೇವೆ ಎಂದು ಸರ್ಕಾರ ಪ್ರಕಟಿಸಿತು. ಮರುವರ್ಷ ಮುಖ್ಯ ಭಾಗದಲ್ಲೇ ಮನೆ ಕಟ್ಟಲು ಕಾಯ್ದೆ ತಿದ್ದಬೇಕು ಎಂಬ ಮಸೂದೆಯೂ ಸಂಸತ್ತಿಗೆ ಬಂತು. ಅದು ದಾಟಲಿಲ್ಲ. ಮನೆಯಿಲ್ಲದವರ ಕಷ್ಟ ಸಣ್ಣದಲ್ಲ, ಆ ಬೇಡಿಕೆಯನ್ನು ತಳ್ಳಿಹಾಕುವ ಮಾತು ಇದಲ್ಲ. ಆದರೆ ಒಮ್ಮೆ ಮನೆ ಎದ್ದ ನೆಲ ಮತ್ತೆ ಎಲ್ಲರದಾಗುವುದಿಲ್ಲ.

ನೆಲ ಹಿಂದಕ್ಕೆ ಬಂದ ಬಗೆ ನೋಡಿ. 2020ರ ಡಿಸೆಂಬರ್‌ನಲ್ಲಿ ಮೊದಲ ಸಲ ಬಂದದ್ದು ಆಟದ ಮೈದಾನದಂಥ ಎರಡು ತುಂಡು, ಒಟ್ಟು ಐದು ಹೆಕ್ಟೇರಿನ ಆಸುಪಾಸು. 2022ರ ಮಧ್ಯದ ಹೊತ್ತಿಗೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬಂದಿತ್ತು. ಇದರ ಮೇಲೆ, ನೆಲೆಯ ಒಳಗಿನ ಡ್ರ್ಯಾಗನ್ ಹಿಲ್ ಲಾಡ್ಜ್ ಎಂಬ ಹೋಟೆಲ್, ಹೆಲಿಕಾಪ್ಟರ್ ಇಳಿದಾಣ, ಅಮೆರಿಕನ್ ರಾಯಭಾರ ಕಚೇರಿಗೆಂದು ಮೀಸಲಿಟ್ಟ ಜಾಗ ಇವೆಲ್ಲ ಹಳೆಯ ಒಪ್ಪಂದಗಳಲ್ಲಿ ಉಳಿದುಕೊಂಡಿದ್ದವು. ಬೆಟ್ಟದಿಂದ ನದಿಗೆ ಹರಿಯುವ ಹಸಿರಿನ ನಡುವೆ ಒಂದು ಹೋಟೆಲ್ ಗೋಡೆ ಅಡ್ಡ ನಿಂತರೆ ನಕ್ಷೆಯ ಮೂಲ ಕಲ್ಪನೆಗೇ ಪೆಟ್ಟು.

ಇಂಥ ಸ್ಥಿತಿಯಲ್ಲಿ 2027ಕ್ಕೆ ಪಾರ್ಕ್ ಮುಗಿಸುತ್ತೇವೆ ಎಂಬ ಹಳೆಯ ಮಾತನ್ನು 2021ರಲ್ಲಿ ಯೋಜನೆಯಿಂದ ಅಳಿಸಿದರು. ನೆಲ ಪೂರ್ತಿ ಹಸ್ತಾಂತರವಾದ ದಿನದಿಂದ ಏಳು ವರ್ಷ ಎಂದು ಬರೆದರು. ಯಾವ ದಿನ ಎಂಬುದು ಬರೆದಿಲ್ಲ. ಪತ್ರಿಕೆಗಳು ಇದನ್ನು ಹಿನ್ನಡೆ ಎಂದವು. ಆ ಇಡೀ ಕಡತದಲ್ಲಿ ಮೊದಲ ಸಲ ನಿಜ ಬರೆದದ್ದು ಅಲ್ಲೇ ಎಂದು ನನಗನಿಸುತ್ತದೆ.

ಎಣ್ಣೆ ಕುಡಿದ ಮಣ್ಣು

ಈಗ ಮುಖ್ಯ ವಿಷಯಕ್ಕೆ ಬರೋಣ.

2001ರಲ್ಲಿ, ನೆಲೆಯ ಗೋಡೆಗೆ ತಾಗಿದಂತಿರುವ ನೋಕ್ಸಪ್ಯೊಂಗ್ ಮೆಟ್ರೊ ನಿಲ್ದಾಣದಲ್ಲಿ ಅಂತರ್ಜಲದ ಜೊತೆ ಎಣ್ಣೆ ಬರುತ್ತಿರುವುದು ಕಂಡಿತು. ಎಣ್ಣೆಯ ಜಾಡು ನೆಲೆಯ ಒಳಗಿನ ಟ್ಯಾಂಕುಗಳ ಕಡೆ ಹೋಗುತ್ತಿತ್ತು. ಅಂದಿನಿಂದ ಸಿಯೋಲ್ ನಗರಾಡಳಿತ ಗೋಡೆಯ ಹೊರಗೆ ಬಾವಿ ಕೊರೆದು, ಕೊಳೆ ನೀರನ್ನು ಎತ್ತಿ ಶುದ್ಧ ಮಾಡುತ್ತಲೇ ಬಂದಿದೆ. ಒಳಗೆ ಹೋಗಿ ಮೂಲವನ್ನು ಮುಚ್ಚುವ ಅಧಿಕಾರ ಅದಕ್ಕಿರಲಿಲ್ಲ. ಖರ್ಚಿಗಾಗಿ ನಗರಾಡಳಿತ ತನ್ನದೇ ದೇಶದ ಸರ್ಕಾರದ ಮೇಲೆ ಮತ್ತೆ ಮತ್ತೆ ದಾವೆ ಹೂಡಿ ಗೆದ್ದಿದೆ. ಯಾಕೆಂದರೆ ಅಮೆರಿಕನ್ ಪಡೆಗಳಿಂದಾದ ನಷ್ಟವನ್ನು ಕೊರಿಯಾದಲ್ಲಿ ಕೇಳಬೇಕಾದದ್ದು ಕೊರಿಯಾ ಸರ್ಕಾರವನ್ನೇ.

ಒಳಗಿನ ಸ್ಥಿತಿ ತಿಳಿಯಲು ಇನ್ನೂ ಹದಿನೈದು ವರ್ಷ ಬೇಕಾಯಿತು. 2015 ಮತ್ತು 2016ರಲ್ಲಿ ಎರಡೂ ದೇಶಗಳವರು ಸೇರಿ ನೆಲೆಯೊಳಗಿನ ಅಂತರ್ಜಲ ಪರೀಕ್ಷಿಸಿದರು, ಫಲಿತಾಂಶವನ್ನು ಮುಚ್ಚಿಟ್ಟರು. ವಕೀಲರ ಸಂಘಟನೆಯೊಂದು ಸುಪ್ರೀಂ ಕೋರ್ಟ್‌ವರೆಗೆ ಹೋರಾಡಿದ ಮೇಲೆ 2017ರಲ್ಲಿ ಅಂಕಿಗಳು ಹೊರಬಂದವು. ಕ್ಯಾನ್ಸರ್ ತರುವ ಬೆಂಜೀನ್ ಮೊದಲ ಪರೀಕ್ಷೆಯಲ್ಲಿ ಮಿತಿಗಿಂತ 162 ಪಟ್ಟು, ನಂತರದ ಪರೀಕ್ಷೆಯಲ್ಲಿ 672 ಪಟ್ಟು ಇದ್ದ ಬಾವಿಗಳು ಸಿಕ್ಕಿದ್ದವು. ಅದೇ ವರ್ಷ, ಅಮೆರಿಕದ ಮಾಹಿತಿ ಹಕ್ಕು ಕಾಯ್ದೆಯಡಿ ಪಡೆದ ದಾಖಲೆಗಳಿಂದ, 1990ರಿಂದ 2015ರವರೆಗೆ ಈ ನೆಲೆಯಲ್ಲಿ 84 ಸಲ ಎಣ್ಣೆ ಸೋರಿತ್ತು ಎಂಬುದು ತಿಳಿಯಿತು. ತಮ್ಮ ಕಾಲ ಕೆಳಗಿನ ನೀರಿನ ವಿಷಯವನ್ನು ಕೊರಿಯನ್ನರು ಇನ್ನೊಂದು ದೇಶದ ಕಾನೂನಿನ ಮೂಲಕ ತಿಳಿಯಬೇಕಾಯಿತು.

ವಿಷ ಇದ್ದರೆ ತೆಗೆಯಬಹುದು. ಸೇನಾ ನೆಲೆಗಳಲ್ಲಿ ಇದು ಹೊಸ ಕೆಲಸವಲ್ಲ: ಮಣ್ಣನ್ನು ಅಗೆದು ತೊಳೆಯುವುದು, ಕಾಯಿಸುವುದು, ಎಣ್ಣೆ ತಿನ್ನುವ ಸೂಕ್ಷ್ಮಜೀವಿಗಳನ್ನು ಬಿಡುವುದು, ನೀರನ್ನು ಎತ್ತಿ ಸೋಸುವುದು. ಕಾಲ ಹಿಡಿಯುತ್ತದೆ, ಆದರೆ ಆಗುತ್ತದೆ. ತೊಡಕು ಇರುವುದು ಖರ್ಚು ಯಾರದು ಎಂಬಲ್ಲಿ. ಅಮೆರಿಕನ್ ಪಡೆಗಳ ಸ್ಥಾನಮಾನದ ಬಗ್ಗೆ 1966ರಲ್ಲಿ ಆದ ಒಪ್ಪಂದದ 4ನೇ ವಿಧಿಯ ಪ್ರಕಾರ, ಜಾಗ ಹಿಂದಿರುಗಿಸುವಾಗ ಅದನ್ನು ಮೊದಲಿನ ಸ್ಥಿತಿಗೆ ತರುವ ಹೊಣೆ ಅಮೆರಿಕಕ್ಕಿಲ್ಲ. 2001ರಲ್ಲಿ ಪರಿಸರದ ಬಗ್ಗೆ ಒಂದು ತಿಳುವಳಿಕೆ ಪತ್ರ ಸೇರಿತು. ಅದರಂತೆ ಜನರ ಆರೋಗ್ಯಕ್ಕೆ ‘ತಿಳಿದಿರುವ, ಸನ್ನಿಹಿತವಾದ, ಗಣನೀಯವಾದ ಅಪಾಯ’ ಇದ್ದರೆ ಅಮೆರಿಕ ಸರಿಪಡಿಸಬೇಕು. ಈ ಮೂರು ವಿಶೇಷಣಗಳ ಮೇಲೆ ವರ್ಷಗಟ್ಟಲೆ ವಾದ ನಡೆದಿದೆ. ಮಣ್ಣಿನಲ್ಲಿ ಮಿತಿ ಮೀರಿದ ಎಣ್ಣೆ ಇದೆ, ಆರ್ಸೆನಿಕ್ ಇದೆ ಎಂದು ಕೊರಿಯಾ ಹೇಳುತ್ತದೆ. ಅದು ಸನ್ನಿಹಿತ ಅಪಾಯವಲ್ಲ ಎಂಬುದು ಅಮೆರಿಕದ ಉತ್ತರ. ಮಾತು ಬಗೆಹರಿಯುವವರೆಗೆ ಕಾದರೆ ನೆಲ ಬರುವುದಿಲ್ಲ. 2019ರ ಕೊನೆಯಲ್ಲಿ ಬೇರೆ ಊರುಗಳ ನಾಲ್ಕು ನೆಲೆಗಳನ್ನು ಪಡೆಯುವಾಗ ಕೊರಿಯಾ ಒಂದು ದಾರಿ ಹಿಡಿಯಿತು: ಮೊದಲು ನೆಲ ತೆಗೆದುಕೊಂಡು ತನ್ನ ಹಣದಲ್ಲಿ ಶುದ್ಧ ಮಾಡುವುದು, ಖರ್ಚಿನ ಮಾತು ಮುಂದುವರಿಸುವುದು. ಯೊಂಗ್ಸಾನ್‌ನ ಹಸ್ತಾಂತರ ಪ್ರಕ್ರಿಯೆ ಶುರುವಾದದ್ದೂ ಆಗಲೇ.

ಇದು ಹೀಗೇ ಆಗಬೇಕೆಂದು ಹಣೆಯಲ್ಲಿ ಬರೆದಿರಲಿಲ್ಲ. ಅಮೆರಿಕದ ಸ್ವಂತ ನೆಲದಲ್ಲೇ, ಸ್ಯಾನ್ ಫ್ರಾನ್ಸಿಸ್ಕೊದ ಪ್ರೆಸಿಡಿಯೊ ನೋಡಿ. 1776ರಲ್ಲಿ ಸ್ಪೇನಿನವರು ಹಾಕಿದ ಠಾಣೆ, ನಂತರ ಮೆಕ್ಸಿಕೊದ್ದು, ಆಮೇಲೆ ಅಮೆರಿಕನ್ ಸೇನೆಯದು. ಅಳತೆಯಲ್ಲಿ ಯೊಂಗ್ಸಾನ್‌ಗಿಂತ ಎರಡು ಪಟ್ಟಿಗೂ ದೊಡ್ಡದು. ಸೇನೆಗೆ ಈ ಜಾಗ ಬೇಡವಾದ ದಿನ ಇದು ರಾಷ್ಟ್ರೀಯ ಉದ್ಯಾನ ಇಲಾಖೆಗೆ ಸೇರಬೇಕು ಎಂದು 1972ರಲ್ಲೇ ಕಾನೂನಾಗಿತ್ತು. ಆ ದಿನ ಬಂದದ್ದು 1994ರಲ್ಲಿ. 1996ರಲ್ಲಿ ಅದನ್ನು ನೋಡಿಕೊಳ್ಳಲು ಟ್ರಸ್ಟ್ ಹುಟ್ಟಿತು. ಮಣ್ಣಿನ ಶುದ್ಧಿಗೆ ಸುಮಾರು 10 ಕೋಟಿ ಡಾಲರ್ ಕೊಡುವುದಾಗಿ ಸೇನೆ 1999ರಲ್ಲಿ ಒಪ್ಪಿತು. ಅಲ್ಲೂ ಜಗಳಗಳಿದ್ದವು, ಹಳೆಯ ಕಟ್ಟಡಗಳನ್ನು ಬಾಡಿಗೆಗೆ ಕೊಡುವುದರ ಬಗ್ಗೆ ಕಟು ಟೀಕೆ ಇತ್ತು. ಆದರೆ ನೆಲ ಯಾರಿಗೆ ಎಂಬುದು ಮೊದಲೇ ತೀರ್ಮಾನವಾಗಿತ್ತು, ಕೊಳೆ ಮಾಡಿದವರು ಹಣ ಕೊಟ್ಟರು. ಅದೇ ಸೇನೆ, ಅದೇ ಬಗೆಯ ಮಾಲಿನ್ಯ. ಬೇರೆಯಾದದ್ದು ಕಾನೂನಿನಲ್ಲಿ ಎರಡು ಪಕ್ಷಗಳ ಬಲ.

ಅವಸರದ ಹಸಿರು

2022ರ ಮಾರ್ಚ್‌ನಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದ ಯೂನ್ ಸುಕ್-ಯೋಲ್, ಹಳೆಯ ಅಧ್ಯಕ್ಷ ಭವನವಾದ ನೀಲಿ ಮನೆಗೆ ಹೋಗದೆ ಯೊಂಗ್ಸಾನ್‌ನ ರಕ್ಷಣಾ ಸಚಿವಾಲಯದ ಕಟ್ಟಡದಲ್ಲಿ ಕಚೇರಿ ಮಾಡುವುದಾಗಿ ಹೇಳಿದರು. ಅಧ್ಯಕ್ಷರ ಕಿಟಕಿಯಿಂದ ಕಾಣುವ ಜಾಗ ಗೋಡೆಯ ಹಿಂದೆ ಖಾಲಿ ಬಿದ್ದಿರುವುದು ಸರ್ಕಾರಕ್ಕೆ ಒಗ್ಗಲಿಲ್ಲ. ಹದಿನೈದು ವರ್ಷದಿಂದ ನಿಂತಿದ್ದದ್ದು ವಾರಗಳಲ್ಲಿ ಓಡತೊಡಗಿತು. ಜೂನ್‌ನಲ್ಲಿ ಹತ್ತು ದಿನ ಪ್ರಾಯೋಗಿಕವಾಗಿ ಒಂದು ಭಾಗ ತೆರೆದರು. ಹೋದವರಿಗೆ ಎರಡು ಗಂಟೆ ಸಮಯ. ಮಣ್ಣಿನ ಬಗ್ಗೆ ಪ್ರಶ್ನೆ ಎದ್ದಾಗ ಸಿಕ್ಕ ಉತ್ತರ, ವಾರಕ್ಕೆ ಮೂರು ಸಲ, ಸಲಕ್ಕೆ ಎರಡು ಗಂಟೆಯಂತೆ 25 ವರ್ಷ ಬಂದರೂ ತೊಂದರೆಯಿಲ್ಲ ಎಂಬುದು.

2023ರ ಮೇ 4ರಂದು, ಮಕ್ಕಳ ದಿನದ ಮುನ್ನಾದಿನ, ಸುಮಾರು 30 ಹೆಕ್ಟೇರಿನಲ್ಲಿ ಯೊಂಗ್ಸಾನ್ ಮಕ್ಕಳ ತೋಟ ತೆರೆಯಿತು. ಹಳೆಯ ಮಣ್ಣಿನ ಮೇಲೆ 15 ಸೆಂಟಿಮೀಟರ್ ಅಥವಾ ಹೆಚ್ಚು ದಪ್ಪಕ್ಕೆ ಹೊಸ ಮಣ್ಣು ಹೊದೆಸಿ ಹುಲ್ಲು ಹಾಸಲಾಗಿತ್ತು. ಕಾನೂನು ಪ್ರಕಾರ ಪಾರ್ಕ್ ಎಂದು ಕರೆದರೆ ಮಣ್ಣನ್ನು ಪಾರ್ಕಿಗೆ ತಕ್ಕ ಮಿತಿಯವರೆಗೆ ಶುದ್ಧ ಮಾಡಬೇಕು, ಅದಕ್ಕೇ ತಾತ್ಕಾಲಿಕ ‘ತೋಟ’ ಎಂದು ಕರೆದರು ಎಂಬುದು ಪರಿಸರ ಸಂಘಟನೆಗಳ ಆಕ್ಷೇಪ.

ಆ ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿದ ಕುಟುಂಬಗಳ ಖುಷಿ ಸುಳ್ಳಲ್ಲ. ಅಜ್ಜನ ಕಾಲದಿಂದ ಮುಚ್ಚಿದ್ದ ಬಾಗಿಲು ತೆರೆಯಿತು ಎಂಬ ಭಾವನೆಗೆ ಬೆಲೆ ಇದೆ. ಆದರೂ ಮಗು ಮಣ್ಣಿನಲ್ಲಿ ಕೈಯಾಡಿಸುತ್ತದೆ, ಕೈ ಬಾಯಿಗೆ ಹೋಗುತ್ತದೆ. ಗಂಟೆ ಎಣಿಸಿ ಸುರಕ್ಷಿತ ಎನ್ನಬೇಕಾದ ಜಾಗವನ್ನು ಮಕ್ಕಳಿಗೆ ಮೊದಲು ಕೊಡಬಾರದಿತ್ತು. ಮುಂದೆ ಶುದ್ಧಿ ಕೆಲಸಕ್ಕೆ ಇದೇ ಹುಲ್ಲನ್ನು ಕಿತ್ತು ನೆಲ ಅಗೆಯಬೇಕು. ಜನರಿಗೆ ಕೊಟ್ಟದ್ದನ್ನು ಮತ್ತೆ ಮುಚ್ಚುವ ಧೈರ್ಯ ಯಾವ ಸರ್ಕಾರಕ್ಕೆ ಬರುತ್ತದೆ?

ಯೂನ್ ಅವರ ಕಥೆ ಹೇಗೆ ಮುಗಿಯಿತೆಂದು ಎಲ್ಲರಿಗೂ ಗೊತ್ತು: 2024ರ ಡಿಸೆಂಬರ್ 3ರ ರಾತ್ರಿ ಸೇನಾಡಳಿತದ ಘೋಷಣೆ, 2025ರ ಏಪ್ರಿಲ್‌ನಲ್ಲಿ ಪದಚ್ಯುತಿ. ನಂತರ ಬಂದ ಲೀ ಜೇ-ಮ್ಯುಂಗ್ ಅಧ್ಯಕ್ಷರ ಕಚೇರಿಯನ್ನು ನೀಲಿ ಮನೆಗೇ ಮರಳಿಸುವ ನಿರ್ಧಾರ ಮಾಡಿದರು. ಪಾರ್ಕಿನ ಮಟ್ಟಿಗೆ ಇದರ ಅರ್ಥ, ಅವಸರಕ್ಕಿದ್ದ ಕಾರಣ ಹೋಯಿತು. ಒಬ್ಬ ಅಧ್ಯಕ್ಷರ ಕಿಟಕಿಗೆ ತಕ್ಕಂತೆ ಬದಲಾದ ಆದ್ಯತೆ ಮತ್ತೆ ಬದಲಾಗುತ್ತದೆ.

ಉಳಿಸುವುದು ಯಾವುದನ್ನು

ನೆಲೆಯೊಳಗೆ ಸಾವಿರದ ಹತ್ತಿರ ಕಟ್ಟಡಗಳಿವೆ. ಎಂಬತ್ತರಷ್ಟನ್ನು ಉಳಿಸಬೇಕೆಂಬ ಶಿಫಾರಸು ಇದೆ. ಜಪಾನಿಯರ ಸೇನಾ ಜೈಲಿನ ಇಟ್ಟಿಗೆ ಗೋಡೆ, ಅಮೆರಿಕನ್ನರು ಕಚೇರಿ ಮಾಡಿಕೊಂಡ ಜಪಾನಿ ಬ್ಯಾರಕ್‌ಗಳು, 1946ರಲ್ಲಿ ಕೊರಿಯಾದ ಭವಿಷ್ಯದ ಬಗ್ಗೆ ಮಾತಾಡಲು ಬಂದ ಸೋವಿಯತ್ ಪ್ರತಿನಿಧಿಗಳು ತಂಗಿದ್ದ ಮನೆ, ಇವುಗಳ ನಡುವೆ ಹರಿಯುವ ಮಾನ್‌ಚೊ ಹೊಳೆ. ರಾಜರ ಕಾಲದಲ್ಲಿ ಆಕಾಶಕ್ಕೆ ಪೂಜೆ ಸಲ್ಲಿಸುತ್ತಿದ್ದ ವೇದಿಕೆಯ ಕುರುಹೂ ಇಲ್ಲಿದೆ.

ವಸಾಹತು ಕಾಲದ ಕಟ್ಟಡವನ್ನು ಏನು ಮಾಡಬೇಕು ಎಂಬುದಕ್ಕೆ ಸಿಯೋಲ್ ಒಮ್ಮೆ ಕೊಟ್ಟ ಉತ್ತರ ಕೆಡಹುವುದು. ಜಪಾನಿ ಆಡಳಿತದ ಪ್ರಧಾನ ಕಟ್ಟಡವನ್ನು ಸ್ವಾತಂತ್ರ್ಯದ ಐವತ್ತನೇ ವರ್ಷವಾದ 1995ರ ಆಗಸ್ಟ್ 15ರಿಂದ ಒಡೆಯತೊಡಗಿದರು. ಆ ಕಟ್ಟಡದಲ್ಲಿದ್ದ ರಾಷ್ಟ್ರೀಯ ವಸ್ತುಸಂಗ್ರಹಾಲಯವೇ ಮುಂದೆ ಯೊಂಗ್ಸಾನ್‌ಗೆ ಬಂದದ್ದು. ಕೊರಿಯಾದ ರಾಜರ ಅರಮನೆಯ ಎದೆಯ ಮೇಲೆ ಕಟ್ಟಿದ್ದನ್ನು ತೆಗೆದದ್ದು ನನಗೆ ಅರ್ಥವಾಗುತ್ತದೆ. ಯೊಂಗ್ಸಾನ್‌ನಲ್ಲಿ ಮಾತ್ರ ಒಡೆದರೆ ಉಳಿಯುವುದು ಬರೀ ಹುಲ್ಲು. ದುನ್‌ಜಿಮಿಯ ಜನರನ್ನು ಎಬ್ಬಿಸಿದ್ದಕ್ಕೂ, ಜೈಲಿನಲ್ಲಿ ಕೂಡಿಟ್ಟದ್ದಕ್ಕೂ ಬೇರೆ ಸಾಕ್ಷಿ ಇರುವುದಿಲ್ಲ.

2016ರಲ್ಲಿ ಸಚಿವಾಲಯವೊಂದು ಈ ಪ್ರಶ್ನೆಗೆ ಇನ್ನೊಂದು ಬಗೆಯ ಉತ್ತರ ಕೊಡಹೊರಟಿತ್ತು. ಬೇರೆ ಬೇರೆ ಇಲಾಖೆಗಳಿಂದ ಅರ್ಜಿ ಕರೆದು, ಎಂಟು ಸೌಲಭ್ಯಗಳನ್ನು ಪಾರ್ಕಿನೊಳಗೆ ಹಂಚುವ ಕರಡು ಮುಂದಿಟ್ಟಿತು. ಪೊಲೀಸ್ ವಸ್ತುಸಂಗ್ರಹಾಲಯಕ್ಕೂ ಅಲ್ಲಿ ಜಾಗ! ನಗರಾಡಳಿತವೂ ಜನರೂ ಸಿಡಿದೆದ್ದರು, ಅದೇ ವರ್ಷ ಕರಡು ಹಿಂದಕ್ಕೆ ಹೋಯಿತು. ಆ ಹೊತ್ತಿಗೆ ಕೊರಿಯನ್ ಇತಿಹಾಸಕಾರರು ನೆಲೆಯೊಳಗೆ ಮನಬಂದಂತೆ ಓಡಾಡಿ ಸಮೀಕ್ಷೆ ಮಾಡುವ ಹಾಗಿರಲಿಲ್ಲ. ಎಲ್ಲಿ ಏನಿದೆ ಎಂದು ಗೊತ್ತಾಗುವ ಮೊದಲೇ ಎಲ್ಲಿ ಏನಿಡಬೇಕೆಂದು ಹಂಚಿಯಾಗಿತ್ತು.

ಪಾರ್ಕ್ ತಡವಾದದ್ದರಿಂದ ಒಂದು ಲಾಭವೂ ಆಯಿತೆಂದು ನಾನು ಹೇಳುವುದು ಈ ಕಾರಣಕ್ಕೆ. 2008ಕ್ಕೇ ನೆಲ ಸಿಕ್ಕಿದ್ದರೆ ಜೈಲು ಗೋಡೆಯ ಹತ್ತಿರ ಬುಲ್ಡೋಜರ್ ಹೋಗದೆ ಇರುತ್ತಿತ್ತೇ? ಅಗೆದು ನೋಡಲು, ಬರೆದಿಡಲು, ಜನರೊಂದಿಗೆ ಮಾತಾಡಲು ಈಗ ಸಮಯವಿದೆ. ಆದರೆ ಕಾಯುವುದಕ್ಕೆ ಅರ್ಥ ಬರಬೇಕಾದರೆ ಕಡತ ತೆರೆದಿರಬೇಕು. ಮುಂದಿನ ತುಂಡು ನೆಲ ಕೊರಿಯಾದ ಕೈಗೆ ಬರುವಾಗ ನಾನು ನೋಡುವುದು ಎಷ್ಟು ಹೆಕ್ಟೇರ್ ಬಂತು ಎಂಬುದನ್ನಲ್ಲ. ಆ ತುಂಡಿನ ಮಣ್ಣಿನ ವರದಿಯನ್ನು ಸಹಿ ಬೀಳುವ ಮೊದಲೇ ಪ್ರಕಟಿಸಿದರೇ, ಶುದ್ಧಿಯ ಖರ್ಚನ್ನು ಯಾರ ಲೆಕ್ಕಕ್ಕೆ ಬರೆದರು ಎಂಬುದನ್ನು. ನೋಕ್ಸಪ್ಯೊಂಗ್ ನಿಲ್ದಾಣದ ಹತ್ತಿರ ಎಣ್ಣೆ ಕಾಣಿಸಿಕೊಂಡ ವರ್ಷ ಹುಟ್ಟಿದ ಮಕ್ಕಳು ಈಗ ಅದೇ ನಿಲ್ದಾಣದಲ್ಲಿ ಇಳಿದು ಕೆಲಸಕ್ಕೆ ಹೋಗುವಷ್ಟು ದೊಡ್ಡವರಾಗಿದ್ದಾರೆ.